ಕವಚದವನ ಮೂರನೇ ಕೈ

ಕ್ಯಾಸಂಬಳ್ಳಿ ಹತ್ತಿರದ ಆಂಜನಪ್ಪನ ವಿಷಯ ಹೇಳಬೇಕೆಂದರೆ ಮೊದಲು ಅವನ ಮೀಸೆಯಿಂದ ಶುರುಮಾಡಬೇಕು, ಆಮೇಲೆ ಅವನ ಬಿಳಿ ಬಟ್ಟೆಗೆ ಬರಬೇಕು. ಆಂಜನಪ್ಪನ ಸರದಿ ಏನಿದ್ದರೂ ಮೂರನೆಯದು. ಇದು ಊರವರು ಯಾರೋ ಕುಹಕಕ್ಕೆ ಆಡಿದ ಮಾತಲ್ಲ. ಅವನ ಹೆಂಡತಿ ಮುನಿಶಾಮಮ್ಮನೇ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಾಗ ನಾಲ್ಕು ಜನರ ಎದುರಿಗೆ ಹೇಳುತ್ತಿದ್ದಳು.

ಅಂತಿಂಥ ಮೀಸೆಯಲ್ಲ ಅದು. ಎರಡು ತುದಿಯೂ ಹರಳೆಣ್ಣೆ ಕುಡಿದು, ಮೇಲಕ್ಕೆ ತಿರುಗಿ, ಕೆನ್ನೆಗೆ ತಾಗುತ್ತಿದ್ದವು. ಆಂಜನಪ್ಪ ಹೆಣ್ಣು ನೋಡಲು ಬೂದಿಕೋಟೆಗೆ ಹೋದಾಗ ಮುನಿಶಾಮಮ್ಮನಿಗೆ ಬಾಗಿಲ ಸಂದಿಯಿಂದ ಕಂಡದ್ದು ಆ ಮೀಸೆ ಮಾತ್ರ. ಅದರ ಹಿಂದೆ ಇಷ್ಟು ಸಣಕಲು ಮನುಷ್ಯ ಇದ್ದಾನೆಂಬುದು ತಾಳಿ ಕಟ್ಟಿಸಿಕೊಳ್ಳುವಾಗಷ್ಟೇ ಗೊತ್ತಾಯಿತಂತೆ. ಅಷ್ಟು ಹೊತ್ತಿಗೆ ಏನು ಮಾಡಲು ಬರುತ್ತೆ ಹೇಳಿ.

ಬಿಳಿ ಬಟ್ಟೆ ಕಾರ್ಖಾನೆಯದು. ಗುಡ್ಡವನ್ನೇ ನೂಕಿ ಬಯಲು ಮಾಡುವಂಥ ದೊಡ್ಡ ದೊಡ್ಡ ಮಿಷನ್ನುಗಳನ್ನು ತಯಾರಿಸುವ ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ಆಂಜನಪ್ಪ ಫಿಟ್ಟರು. ಕೆಲಸ ಶುರುಮಾಡುವ ಮುಂಚೆ ಒಂದು ಹಳೆಯ ಬಿಳಿ ಪಂಚೆ ನೆಲಕ್ಕೆ ಹಾಸಿ, ಭಾಗಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅದರ ಮೇಲೆ ಸಾಲಾಗಿ ಇಡುತ್ತಿದ್ದ. ಮಿಷನ್ನು ಮೇಲೇಳುತ್ತಾ ಹೋದಂತೆ ಪಂಚೆ ಖಾಲಿಯಾಗುತ್ತಾ ಬರಬೇಕು. ಕೊನೆಗೆ ಅದರ ಮೇಲೆ ಏನೇನೂ ಇರಕೂಡದು. ಒಂದು ವಾಷರು ಉಳಿದರೂ ಮಿಷನ್ನನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕು. ಕೆಲಸ ಕಲಿಸಿದ ಮೇಸ್ತ್ರಿ ಸ್ಪ್ಯಾನರಿನಿಂದ ಬೆರಳ ಗೆಣ್ಣಿಗೆ ಬಾರಿಸಿ ಕಲಿಸಿದ ಪಾಠವದು. ಆಂಜನಪ್ಪನ ಸರ್ವಿಸಿನಲ್ಲಿ ಒಂದು ಸಲವೂ ಪಂಚೆಯ ಮೇಲೆ ಏನೂ ಉಳಿದಿರಲಿಲ್ಲ. ಅವನ ಮೀಸೆ ಅಷ್ಟು ಮೇಲಕ್ಕೆ ನಿಂತಿದ್ದುದು ಹರಳೆಣ್ಣೆಯಿಂದಲ್ಲ, ಈ ಹೆಮ್ಮೆಯಿಂದ.

ಅವನು ಕಟ್ಟಿದ್ದನ್ನು ನೋಡಿ ಪಾಸು ಮಾಡುತ್ತಿದ್ದವನು ಕುಪ್ಪುಸ್ವಾಮಿ. ರಾಬರ್ಟ್‌ಸನ್‌ಪೇಟೆಯವನು, ಮನೆಮಾತು ತಮಿಳು, ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರು. ಕಿವಿಯ ಸಂದಿಯಲ್ಲಿ ಸದಾ ಒಂದು ಹಳದಿ ಚಾಕ್‌ಪೀಸು. ಅವನು ಆ ಚಾಕ್‌ಪೀಸಿನಲ್ಲಿ ಗೀಟು ಎಳೆದರೇ ಮಿಷನ್ನು ಗೇಟು ದಾಟುತ್ತಿದ್ದದ್ದು. ಆ ಗೀಟನ್ನು ಯಾರೂ ಯಾವತ್ತೂ ಅಳಿಸಬೇಕಾಗಿ ಬಂದಿರಲಿಲ್ಲ. ಅವನಿಗೂ ದಪ್ಪ ಮೀಸೆಯಿತ್ತು, ಆದರೆ ತುದಿಗಳು ಕೆಳಕ್ಕೆ ಇಳಿಬಿದ್ದು ಸದಾ ಯಾರದೋ ಸಾವಿಗೆ ಬಂದವನ ಹಾಗೆ ಕಾಣುತ್ತಿದ್ದ. ಇಬ್ಬರೂ ದಿನಾ ಒಬ್ಬರ ಊಟದ ಕ್ಯಾರಿಯರಿನಿಂದ ಇನ್ನೊಬ್ಬರು ತಿನ್ನುತ್ತಿದ್ದರು, ದಿನಾ ಜಗಳವಾಡುತ್ತಿದ್ದರು.

ಎಂಬತ್ತೇಳನೇ ಇಸವಿಯಲ್ಲಿ ಹೊಸ ಮಾದರಿಯ ಮಿಷನ್ನು ಜೋಡಿಸುವುದನ್ನು ತೋರಿಸಿಕೊಡಲು ಜಪಾನಿನಿಂದ ಒಕಾದಾ ಎಂಬ ಇಂಜಿನಿಯರು ಬಂದರು. ಅವರ ಇಂಗ್ಲಿಷು ಹರಕು, ಆಂಜನಪ್ಪನದು ಅದಕ್ಕಿಂತ ಹರಕು. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. ಆಂಜನಪ್ಪನ ಬಿಳಿ ಪಂಚೆ ಖಾಲಿಯಾಗುವುದನ್ನು ಒಕಾದಾ ಕೈಕಟ್ಟಿ ನಿಂತು ನೋಡುತ್ತಿದ್ದರು. ಕೆಲಸ ಮುಗಿದು ಅವರು ಊರಿಗೆ ಹೊರಟ ದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮದ್ರಾಸು ರೈಲಿಗೆ ಕಾಯುತ್ತಿದ್ದಾಗ ಆಂಜನಪ್ಪನ ಕೈಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಕೊಟ್ಟು, ಬಾಗಿ ನಮಸ್ಕರಿಸಿ, ‘ನೀನು ಕಟ್ಟು. ಸಂಕ್ರಾಂತಿ ಆದಮೇಲೆ ನಾನು ಬರ್ತೀನಿ. ನೋಡ್ತೀನಿ’ ಎಂದು ಅರ್ಧ ಬಾಯಲ್ಲೂ ಅರ್ಧ ಕೈಯಲ್ಲೂ ಹೇಳಿದರು.

ಪೆಟ್ಟಿಗೆಯ ಮೇಲೆ ಒಬ್ಬ ಲೋಹದ ಆಸಾಮಿಯ ಚಿತ್ರ. ತಲೆಯಿಂದ ಕಾಲಿನವರೆಗೆ ಕವಚ, ಕವಚದ ಮೇಲೆ ಇನ್ನೊಂದು ಕವಚ, ಹೆಗಲ ಮೇಲೆ ಎರಡು ಫಿರಂಗಿ, ಕೈಗಳೆರಡೂ ಬಿಗಿಮುಷ್ಟಿ. ರೋಬೋಟಂತೆ. ಒಳಗೆ ಅವನೇ, ಆದರೆ ಚೂರುಚೂರಾಗಿ, ಪ್ಲಾಸ್ಟಿಕ್ಕಿನಲ್ಲಿ.

ಮುನಿಶಾಮಮ್ಮ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು. ‘ಇವ್ನು ಯಾರನ್ನ ಕಂಡು ಇಷ್ಟು ಎದ್ರವ್ನೆ? ಮೈಯೆಲ್ಲಾ ತಗಡು ಒದ್ಕೊಂಡವ್ನಲ್ಲ!’

‘ಎದ್ರಿಲ್ಲ ಕಣೇ. ಯುದ್ಧ ಮಾಡೋನು.’

‘ಯುದ್ಧ ಮಾಡೋನು ಇಷ್ಟು ಒದ್ಕೊಂಡ್ರೆ ಎಂಗೆ ನಡೀತಾನೆ? ನಮ್ ಎಮ್ಮೆನೇ ವಾಸಿ’ ಎಂದು ಅವಳು ಹುಲ್ಲು ಹಾಕಲು ಹೋದಳು.

ಸುದ್ದಿ ಮಾರನೇ ದಿನವೇ ಕಾರ್ಖಾನೆಯ ಕ್ಯಾಂಟೀನಿಗೆ ಮುಟ್ಟಿತು. ಕುಪ್ಪುಸ್ವಾಮಿ ಟೀ ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ‘ಯೋವ್, ಎನ್ನಾಯ್ಯಾ ಇದು? ನಿನ್ ಮೊಮ್ಮಕ್ಕಳು ಆಡೋ ವಯಸ್ಸಲ್ಲಿ ನೀನು ಬೊಂಬೆ ಮಾಡ್ತೀಯಾ? ಅದೂ ಜಪಾನ್ ಬೊಂಬೆ! ಅರ್ಧ ಸಾಮಾನು ನಿನ್ ಪಂಚೆ ಮೇಲೇ ಉಳಿಯುತ್ತೆ, ನೋಡ್ತಿರು.’

ಆಂಜನಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ‘ಲೇ ಕುಪ್ಪೂ, ಅಷ್ಟು ದೊಡ್ಡ ಮಿಷನ್ನಾಗೆ ಒಂದ್ ವಾಷರ್ ಉಳಿಸ್ದೋನಲ್ಲ ನಾನು. ಈ ಬೊಂಬೆಯಾಗೆ ಒಂದೇ ಒಂದು ಚೂರು ಉಳೀತು ಅಂದ್ರೆ ಅರ್ಧ ಮೀಸೆ ಬೋಳಿಸ್ಕೊಂಡು ಗೇಟ್‌ತಾವ ಬತ್ತೀನಿ ಕಣ್ಲಾ!’

ವಡೆ ಕರಿಯುತ್ತಿದ್ದವನು ಕೂಡ ಜಾಲರಿ ಎತ್ತಿಹಿಡಿದು ನಿಂತುಬಿಟ್ಟ. ಅಂಥ ಮೀಸೆಯನ್ನು ಪಣಕ್ಕಿಡುವುದೆಂದರೆ ಹುಡುಗಾಟವೇ?

ಕೆಲಸ ಶುರುವಾಯಿತು. ಆಗಲೇ ಎಡವಟ್ಟೂ ಆಯಿತು. ಪ್ಲಾಸ್ಟಿಕ್ಕಿನ ಭಾಗಗಳೆಲ್ಲ ಬೇಲಿಯಂಥ ಚೌಕಟ್ಟುಗಳಿಗೆ ಅಂಟಿಕೊಂಡಿದ್ದವು, ಹುಣಸೆ ರೆಂಬೆಗೆ ಕಾಯಿ ಜೋತುಬಿದ್ದ ಹಾಗೆ. ಪ್ರತಿ ಭಾಗದ ಪಕ್ಕದಲ್ಲಿ, ಚೌಕಟ್ಟಿನ ಮೇಲೆ, ಒಂದು ನಂಬರು. ಪುಸ್ತಕ ನೋಡಿ, ನಂಬರು ನೋಡಿ, ಬೇಕಾದಾಗ ಬೇಕಾದ್ದನ್ನಷ್ಟೇ ಕತ್ತರಿಸಿಕೊಳ್ಳಬೇಕು. ಜಪಾನಿನ ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ಆಂಜನಪ್ಪ ಫಿಟ್ಟರಲ್ಲವೇ? ಭಾಗಗಳು ಮೊದಲು ತೊಳೆದುಕೊಂಡು ಪಂಚೆಯ ಮೇಲೆ ಸಾಲಾಗಿ ಕೂರಬೇಕು, ಅದು ಶಾಸ್ತ್ರ. ಆದ್ದರಿಂದ ಒಂದು ಭಾನುವಾರ ಬೆಳಿಗ್ಗೆ ಕೂತು ಎಲ್ಲವನ್ನೂ ಉಗುರು ಕತ್ತರಿಸುವ ಕಟರಿನಿಂದ ಕಚಕಚನೆ ಕತ್ತರಿಸಿದ. ಸೀಮೆಎಣ್ಣೆಗೆ ಅದ್ದಲು ಹೋದವನನ್ನು ಮುನಿಶಾಮಮ್ಮ ತಡೆದು, ಸೀಗೆಕಾಯಿ ನೀರಿನಲ್ಲಿ ತೊಳೆದುಕೊಟ್ಟಳು. ಪಂಚೆ ತುಂಬಿಹೋಯಿತು. ಉಳಿದ ಚೌಕಟ್ಟುಗಳನ್ನು ಅವಳೇ ಒಟ್ಟುಮಾಡಿ ನೀರೊಲೆಗೆ ಹಾಕಿದಳು.

ಅವತ್ತು ಎದ್ದ ಕಪ್ಪು ಹೊಗೆಗೆ ಓಣಿಯವರೆಲ್ಲ ಮೂಗು ಮುಚ್ಚಿಕೊಂಡರು. ನಂಬರುಗಳು ಹೊಗೆಯಾಗಿ ಹೋಗಿವೆ ಎಂಬುದು ಆಂಜನಪ್ಪನಿಗೆ ಹೊಳೆದದ್ದು ತಲೆಗೆ ಆ ಬಿಸಿನೀರು ಸುರಿದುಕೊಳ್ಳುವಾಗ. ಸೋಪು ಕಣ್ಣಲ್ಲಿರುವಾಗಲೇ ಓಡಿಬಂದ. ಒಲೆಯಲ್ಲಿ ಒಂದು ಮುದ್ದೆಯಷ್ಟು ಕರಿಯ ಅಂಟು ಬಿಟ್ಟು ಇನ್ನೇನೂ ಉಳಿದಿರಲಿಲ್ಲ.

‘ಮೊದ್ಲೇ ಏಳೋಕೇನಾಗಿತ್ತು ನಿಂಗೆ? ಸೌದೆ ಅಂದ್ಕೊಂಡೆ’ ಎಂದಳು ಮುನಿಶಾಮಮ್ಮ, ಅವಳೂ ಕಣ್ಣೊರೆಸಿಕೊಳ್ಳುತ್ತಾ.

ಇನ್ನು ಉಳಿದದ್ದು ಪುಸ್ತಕದ ಚಿತ್ರ ಮತ್ತು ಕಣ್ಣಳತೆ. ನಡುಮನೆ ಕಾರ್ಖಾನೆಯಾಯಿತು. ಬಂದ ನೆಂಟರು ಗೋಡೆಗೆ ಒರಗಿ ಅಡ್ಡಡ್ಡ ನಡೆದು ಅಡುಗೆಮನೆ ಸೇರಬೇಕು. ಕರು ಒಳಗೆ ನುಗ್ಗದಂತೆ ಬಾಗಿಲಿಗೆ ಬೆಂಚು ಅಡ್ಡ ಇಟ್ಟದ್ದಾಯಿತು. ಅಂಟು ಬೇಡ, ಬೋಲ್ಟು ಬೇಡ, ಒತ್ತಿದರೆ ಟಕ್ಕೆಂದು ಕೂರುವ ಆ ಜೋಡಣೆಯನ್ನು ಆಂಜನಪ್ಪ ಮೊದಮೊದಲು ನಂಬಲೇ ಇಲ್ಲ. ಬೋಲ್ಟಿಲ್ಲದೆ ಯಾವನು ನಿಲ್ಲುತ್ತಾನೆ ಎಂದು ಮಂಡಿಗಳಿಗೆ ಗ್ರೀಸು ಹಚ್ಚಿದ. ಗ್ರೀಸಿಗೆ ಇರುವೆ ಬರುವುದಿಲ್ಲವಾದರೂ ಇರುವೆ ಬರುತ್ತವೆಂದು ಬೈಯಲು ಮುನಿಶಾಮಮ್ಮನಿಗೆ ಅಷ್ಟು ಸಾಕಾಯಿತು.

ಆದರೆ ಮೆಲ್ಲಗೆ ಅವಳೂ ಪಂಚೆಯ ಆ ಬದಿಗೆ ಕೂರತೊಡಗಿದಳು. ರಾಗಿಯಲ್ಲಿ ಕಲ್ಲು ಆರಿಸಿದ ಕಣ್ಣು. ಕಡಲೆಕಾಳಿನಷ್ಟು ಚೂರನ್ನು ಎತ್ತಿ ‘ಇಗಾ, ಇದು ಅವ್ನ ಕಾಲ್ಬೆರಳು’ ಎಂದರೆ ಅದು ಕಾಲ್ಬೆರಳೇ. ಒಮ್ಮೆ ಸೊಂಟ ತಿರುಗಾಮುರುಗಾ ಆಗಿ ಆಸಾಮಿ ಹಿಂದಕ್ಕೆ ನಡೆಯುವವನಾದ. ಬಿಚ್ಚಿದರು. ಇನ್ನೊಮ್ಮೆ ಫಿರಂಗಿ ಮಂಡಿಗೆ ಕೂತಿತು. ಮತ್ತೆ ಬಿಚ್ಚಿದರು. ದೀಪಾವಳಿ ಕಳೆಯಿತು, ಅವರೆಕಾಯಿ ಕಾಲ ಬಂತು. ಕೊನೆಗೊಂದು ದಿನ ಒಂದೂವರೆ ಅಡಿ ಎತ್ತರದ ಕವಚಧಾರಿ ನಡುಮನೆಯಲ್ಲಿ ರಾಗಿ ಅಳೆಯುವ ಸೇರಿನ ಮೇಲೆ ನೆಟ್ಟಗೆ ನಿಂತ.

ಪಂಚೆಯ ಮೇಲೆ ಒಂದು ಕೈ ಉಳಿದಿತ್ತು.

ಬಲಗೈ. ಬೆರಳು ಬಿಚ್ಚಿದ ಅಂಗೈ. ಆಸಾಮಿಯ ಎರಡು ತೋಳಿಗೂ ಎರಡು ಮುಷ್ಟಿ ಆಗಲೇ ಕೂತಿವೆ. ಇದು ಮೂರನೆಯದು. ಆಂಜನಪ್ಪ ಮುಷ್ಟಿಗಳನ್ನು ಮತ್ತೊಮ್ಮೆ ಎಣಿಸಿದ. ಎಲ್ಲ ಬಿಚ್ಚಿ ಮತ್ತೆ ಕಟ್ಟಿದ. ಕೈ ಉಳಿಯಿತು. ಮತ್ತೊಮ್ಮೆ ಬಿಚ್ಚಿದ. ಆಗಲೂ ಅದೇ ಕೈ, ಅದೇ ಜಾಗದಲ್ಲಿ, ಏನೋ ಕೊಡಿ ಎಂದು ಕೇಳುತ್ತಿರುವಂತೆ ಪಂಚೆಯ ಮೇಲೆ ಮಲಗಿತ್ತು. ಆಂಜನಪ್ಪ ಊಟ ಬಿಟ್ಟ. ಕಾರ್ಖಾನೆಯ ಬಸ್ಸಿನಲ್ಲಿ ಅಪ್ರಯತ್ನವಾಗಿ ಮೀಸೆ ಮುಟ್ಟಿಕೊಳ್ಳುತ್ತಾ ಕೂರುತ್ತಿದ್ದ, ನಾಳೆ ಊರು ಬಿಡುವ ಮಗನ ತಲೆ ಸವರಿದ ಹಾಗೆ. ಎರಡು ಕೈ ಇರುವವನಿಗೆ ಮೂರನೆಯದು ಯಾಕೆ? ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಒಂದು ಪ್ಲಾಸ್ಟಿಕ್ ಅಂಗೈಗೆ ಸಿಕ್ಕಿ ಮಣ್ಣುಪಾಲಾಗುತ್ತದಲ್ಲ ಎಂದು ಅವನಿಗೆ ನಿಜವಾಗಿ ಅಳು ಬರುತ್ತಿತ್ತು.

ದಾರಿ ತೋರಿಸಿದವಳು ಮುನಿಶಾಮಮ್ಮ. ಎಮ್ಮೆಯ ಹಾಲು ಕರೆಯುತ್ತಿದ್ದವಳು ಕೊಟ್ಟಿಗೆಯಿಂದಲೇ ಕೂಗಿದಳು: ‘ಇಗಾ, ಬಾ ಇಲ್ಲಿ, ಬೆನ್ನು ಕಡೀತದೆ. ಕೆರಿ ಸ್ವಲ್ಪ.’ ಆಂಜನಪ್ಪ ಹೋಗಿ ಕೆರೆದ. ಅವಳು ಹಾಲು ಹಿಂಡುತ್ತಲೇ ಹೇಳಿದಳು: ‘ಎರಡು ಕೈಗೂ ಕೆಲ್ಸ ಇರೋವಾಗ್ಲೇ ಬೆನ್ನು ಕಡಿಯೋದು. ಇನ್ನು ಆ ತಗಡು ಒದ್ಕೊಂಡೋನ ಗತಿ ಏನು? ಅವ್ನ ಬೆನ್ನಾಗೆ ಒಂದು ತೂತು ಅದೆ, ನೋಡಿದ್ದೀಯಾ?’

ಆಂಜನಪ್ಪ ಓಡಿದ. ನಿಜ. ಬೆನ್ನ ನಡುವೆ ಒಂದು ತೂತು. ಅದಕ್ಕೆ ಹೊಂದುವ ಭಾಗ ಯಾವುದೂ ಇಲ್ಲವೆಂದು ಆ ತೂತೂ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು, ಆದರೆ ಕೈ ಅಲ್ಲಿಗೆ ಸೇರೀತೆಂದು ಹೊಳೆದಿರಲಿಲ್ಲ. ಕೈಯನ್ನು ತಂದು ಒತ್ತಿದ. ಟಕ್.

ಪಂಚೆ ಖಾಲಿ. ಆಂಜನಪ್ಪ ಅದನ್ನೆತ್ತಿ ಒದರಿ, ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಎರಡು ಸುತ್ತು ಓಡಾಡಿ ಬಂದ.

ಕುಪ್ಪುಸ್ವಾಮಿ ಇನ್ಸ್‌ಪೆಕ್ಷನ್ನಿಗೆ ಬಂದದ್ದು ಮುಂದಿನ ಭಾನುವಾರ. ಸುಮ್ಮನೆ ಬರಲಿಲ್ಲ, ಟಾರ್ಚು, ಸಂದಿ ಅಳೆಯುವ ತೆಳು ತಗಡಿನ ಗೇಜು, ಚಾಕ್‌ಪೀಸು ಎಲ್ಲ ತಂದಿದ್ದ. ಆಸಾಮಿಯ ಮುಂದೆ ಮಂಡಿಯೂರಿ ಕೂತು ಕಾಲಿನಿಂದ ಶುರುಮಾಡಿ ಕವಚ ಕವಚದ ಸಂದಿಗೂ ತಗಡು ತೂರಿಸಿ ನೋಡಿದ. ಎಲ್ಲೂ ತೂರಲಿಲ್ಲ. ಬೆನ್ನಿಗೆ ಬಂದ. ಟಾರ್ಚು ನಿಂತಿತು.

‘ಯೋವ್. ಇದು ಎನ್ನಾಯ್ಯಾ, ಬೆನ್ನಲ್ಲಿ ಕೈ?’

‘ಕೆರ್ಕೊಳ್ಳೋಕೆ’ ಎಂದ ಆಂಜನಪ್ಪ, ಗೋಡೆ ನೋಡುತ್ತಾ.

‘ಚಿತ್ರದಲ್ಲಿ ತೋರ್ಸು.’

ಪೆಟ್ಟಿಗೆ ತಂದರು. ಚಿತ್ರ ಮುಂದುಗಡೆಯದು ಮಾತ್ರ. ಪುಸ್ತಕ ತೆಗೆದರು. ಬೆನ್ನಿನ ಚಿತ್ರವಿದ್ದ ಹಾಳೆಯ ಮೇಲೆ ಮುನಿಶಾಮಮ್ಮ ಹಿಂದೊಮ್ಮೆ ಹರಳೆಣ್ಣೆ ಬಟ್ಟಲು ಇಟ್ಟಿದ್ದಳು. ಅಲ್ಲೊಂದು ದುಂಡಗಿನ ಕಲೆ ಬಿಟ್ಟು ಏನೂ ಕಾಣುತ್ತಿರಲಿಲ್ಲ.

‘ಕುಪ್ಪಣ್ಣಾ, ನಿಂಗೆ ಎರಡು ಕೈಯಾಗೂ ಕೆಲ್ಸ ಇರೋವಾಗ ಬೆನ್ನು ಕಡಿದಿಲ್ವಾ?’ ಎಂದು ಮುನಿಶಾಮಮ್ಮ ನೇರವಾಗಿ ಕೇಳಿದಳು.

ಕುಪ್ಪುಸ್ವಾಮಿ ಯೋಚಿಸಿದ. ನ್ಯಾಯಸ್ಥ ಮನುಷ್ಯ. ‘ಕಡಿದಿದೆ ತಂಗಚ್ಚಿ’ ಎಂದ. ಕೈಯ ಬುಡಕ್ಕೆ ಗೇಜಿಟ್ಟು ನೋಡಿದ. ಕೂದಲೆಳೆಯಷ್ಟೂ ಸಂದಿಯಿಲ್ಲ. ಬೇರೆ ಕಡೆ ಸೇರಬೇಕಾದ್ದು ಇಲ್ಲಿ ಇಷ್ಟು ಬಿಗಿಯಾಗಿ ಕೂರುವುದುಂಟೇ? ತುಂಬಾ ಹೊತ್ತು ತಲೆ ಕೆರೆದುಕೊಂಡು ಕೊನೆಗೆ ಆಸಾಮಿಯ ಎದೆಯ ಮೇಲೆ ಹಳದಿ ಗೀಟು ಎಳೆದ. ಎಳೆದವನೇ ಹೇಳಿದ: ‘ಜಪಾನ್ ಸಾರ್ ಬಂದು ಇದು ತಪ್ಪು ಅಂದ್ರೆ ನಿನ್ ಅರ್ಧ ಮೀಸೆ ಮಾತ್ರ ಅಲ್ಲ, ನಂದೂ ಹೋಗುತ್ತೆ. ಕುಪ್ಪುಸ್ವಾಮಿ ಗೀಟು ಯಾರೂ ಅಳಿಸಿಲ್ಲ.’

ಹೀಗೆ ಎರಡು ಅರ್ಧ ಮೀಸೆಗಳು ಆ ಅಂಗೈಯ ಮೇಲೆ ನಿಂತವು.

ಸಂಕ್ರಾಂತಿ ಮುಗಿದ ವಾರ ಒಕಾದಾ ಬಂದರು. ಕಾರ್ಖಾನೆಯ ಜೀಪಿನಲ್ಲಿ ಕುಪ್ಪುಸ್ವಾಮಿಯೇ ಮನೆಗೆ ಕರೆತಂದ. ಮುನಿಶಾಮಮ್ಮ ರಾಗಿ ಮುದ್ದೆ, ಹಿತಕಿದ ಅವರೆಕಾಳಿನ ಸಾರು ಬಡಿಸಿದಳು. ಒಕಾದಾ ಮುದ್ದೆಯನ್ನು ಅಗಿಯಲು ಹೋಗಿ, ಅಗಿಯಬಾರದೆಂದು ತೋರಿಸಿಕೊಟ್ಟಮೇಲೆ ಒಂದು ತುತ್ತು ನುಂಗಿ, ಅದು ಇಳಿದ ದಾರಿಯನ್ನು ಬೆರಗಿನಿಂದ ಎದೆಯ ಮೇಲೆ ಬೆರಳಿಟ್ಟು ತೋರಿಸಿದರು. ಯಾರಿಗೂ ನಗು ಬರಲಿಲ್ಲ. ಎಲ್ಲರ ಕಣ್ಣೂ ಮೂಲೆಯಲ್ಲಿ ಟವಲು ಹೊದ್ದು ನಿಂತವನ ಮೇಲಿತ್ತು.

ಕೈತೊಳೆದುಕೊಂಡು ಬಂದಮೇಲೆ ಆಂಜನಪ್ಪ ಟವಲು ತೆಗೆದ. ಒಕಾದಾ ಮುಖ ಅರಳಿತು. ಮಂಡಿ ಮಡಿಸಿ ನೋಡಿದರು, ಗ್ರೀಸು ಮುಟ್ಟಿ ಮೂಸಿ ನಕ್ಕರು, ಫಿರಂಗಿ ಏರಿಸಿದರು, ಇಳಿಸಿದರು. ಆಮೇಲೆ ಹಿಂದಕ್ಕೆ ತಿರುಗಿಸಿದರು. ಅವರ ಬೆರಳು ಒಂದು ಗಳಿಗೆ ಅಲ್ಲಾಡಲಿಲ್ಲ.

‘ವೆರಿ ಗುಡ್’ ಎಂದರು. ‘ವೆರಿ ವೆರಿ ಗುಡ್.’ ಕಣ್ಣು ಬೇರೆ ಕಡೆ ತಿರುಗಿಸಿ ಕುಡಿಯಲು ನೀರು ಕೇಳಿದರು.

ಅಲ್ಲಿಗೆ ಮುಗಿಯಬೇಕಿತ್ತು. ಮೀಸೆ ಉಳಿದಿತ್ತು, ಗೀಟು ಉಳಿದಿತ್ತು, ಸಾರೂ ಇನ್ನೂ ಉಳಿದಿತ್ತು. ಆದರೆ ಆ ‘ಗುಡ್’ ಎಂಥದ್ದೆಂದು ಆಂಜನಪ್ಪನಿಗೆ ಗೊತ್ತಿತ್ತು. ಇನ್ನೊಬ್ಬರ ವರ್ಕ್‌ಶಾಪಿಗೆ ನೆಂಟನಾಗಿ ಹೋದ ಫಿಟ್ಟರು ಅಲ್ಲಿ ಬೋಲ್ಟು ಉಲ್ಟಾ ಕೂತದ್ದು ಕಂಡರೆ ಚೆನ್ನಾಗಿದೆ ಎಂದು ಹೇಳಿ ನೀರು ಕೇಳುತ್ತಾನೆ. ಅವನೇ ಎಷ್ಟೋ ಸಲ ಹಾಗೆ ನೀರು ಕೇಳಿದ್ದಾನೆ. ಸುಮ್ಮನಿದ್ದುಬಿಡು ಅಂತ ಮೀಸೆ ಹೇಳಿತು. ಸುಮ್ಮನಿರಲಾಗಲಿಲ್ಲ.

‘ಸಾರ್’ ಎಂದ. ‘ಗುಡ್ ಬೇಡ ಸಾರ್. ನಿಜ ಏಳಿ. ರಾಂಗಾ?’

‘ಲೇ, ಸುಮ್ನಿರಯ್ಯಾ!’ ಎಂದು ಕುಪ್ಪುಸ್ವಾಮಿ ಹಲ್ಲುಕಚ್ಚಿ ಪಿಸುಗುಟ್ಟಿದ.

ಒಕಾದಾ ಆಂಜನಪ್ಪನ ಮುಖವನ್ನೇ ನೋಡಿದರು. ಆಮೇಲೆ ಲೋಟ ಕೆಳಗಿಟ್ಟು, ಬೆನ್ನಿನ ಅಂಗೈಯನ್ನು ಮೆತ್ತಗೆ ಕಿತ್ತರು. ಬಲತೋಳಿನ ಮುಷ್ಟಿಯನ್ನೂ ಕಿತ್ತರು. ತೋಳಿಗೆ ಅಂಗೈ ಸಿಕ್ಕಿಸಿ ಮೇಲಕ್ಕೆತ್ತಿದರು. ಅಷ್ಟು ದಿನ ಗುದ್ದಲು ನಿಂತಿದ್ದವನು ಈಗ ಯಾರನ್ನೋ ಕಂಡು ಕೈಯೆತ್ತಿದ ಹಾಗೆ ಕಂಡ. ‘ಯುದ್ಧ’ ಎಂದು ಮುಷ್ಟಿ ತೋರಿಸಿದರು. ‘ಯುದ್ಧ ಮುಗೀತು’ ಎಂದು ಅಂಗೈ ತೋರಿಸಿದರು. ಯಾವುದು ಬೇಕೋ ಅದನ್ನು ತೋಳಿಗೆ ಹಾಕುವುದಂತೆ. ಉಳಿದದ್ದು ಪೆಟ್ಟಿಗೆಯಲ್ಲೇ ಇರುವುದಂತೆ.

‘ಅಂದ್ರೆ ಯಾವಾಗ್ಲೂ ಒಂದು ಉಳೀತದಾ ಸಾರ್?’

‘ಯಾವಾಗ್ಲೂ’ ಎಂದರು ಒಕಾದಾ.

‘ಉಳೀಲಿ ಅಂತ್ಲೇ ಮಾಡವ್ರಾ?’

ಒಕಾದಾ ಹೌದೆಂದು ತಲೆಯಾಡಿಸಿದರು. ಬೆನ್ನಿನ ತೂತು ಯಾಕೆಂದು ಮುನಿಶಾಮಮ್ಮ ಕೇಳಿದಳು. ಅದು ರೆಕ್ಕೆಗಂತೆ, ರೆಕ್ಕೆ ಬೇರೆ ಪೆಟ್ಟಿಗೆಯಲ್ಲಿ ಮಾರುತ್ತಾರಂತೆ. ‘ಇಷ್ಟು ತಗಡು ಒದ್ಕೊಂಡೋನು ಆರ್ತಾನಾ? ಯಾರ್ ಕಿವಿಗೆ ಊವ ಮಡುಗ್ತೀರ?’ ಎಂದು ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಕುಪ್ಪುಸ್ವಾಮಿ ನಗಲಿಲ್ಲ. ಬೆರಳನ್ನು ನಾಲಿಗೆಗೆ ಒತ್ತಿಕೊಂಡು ಬಂದು, ಆಸಾಮಿಯ ಎದೆಯ ಮೇಲಿನ ಹಳದಿ ಗೀಟನ್ನು ತಾನೇ ಒರೆಸಿದ. ಕಿವಿಯ ಚಾಕ್‌ಪೀಸನ್ನು ತೆಗೆದು ಜೇಬಿಗೆ ಹಾಕಿಕೊಂಡ. ಅದನ್ನು ಕಂಡು ಆಂಜನಪ್ಪನಿಗೆ ತನ್ನ ಮೀಸೆಗಿಂತ ಅವನ ಗೀಟು ಹೋದದ್ದಕ್ಕೇ ಹೆಚ್ಚು ಸಂಕಟವಾಯಿತು.

ಒಕಾದಾ ಹೋದಮೇಲೆ ಮುನಿಶಾಮಮ್ಮ ಆ ಮುಷ್ಟಿಯನ್ನು ಬೆನ್ನಿನ ತೂತಿಗೆ ಸಿಕ್ಕಿಸಿದಳು. ‘ಕೆರ್ಕೊಳ್ಳೋಕಾಗ್ದಿದ್ರೂ ಬೆನ್ನು ನೋವಿಗೆ ಗುದ್ದಿಸ್ಕೊಳ್ಳೋಕಾಯ್ತದೆ. ಪಂಚೆ ಖಾಲಿ ಆಯ್ತಲ್ಲ, ಬಿಡು ಇನ್ನು’ ಎಂದಳು.

‘ಇಲ್ಲ ಕಣೇ. ಒಂದು ಉಳೀತು, ಆಡಿದ್ ಮಾತು ನಡೀಬೇಕು’ ಎಂದ ಆಂಜನಪ್ಪ.

ಭಾನುವಾರ ಬೆಳಿಗ್ಗೆ ಅವನೂ ಕುಪ್ಪುಸ್ವಾಮಿಯೂ ರಾಬರ್ಟ್‌ಸನ್‌ಪೇಟೆಯ ಕಟಿಂಗ್ ಶಾಪಿನಲ್ಲಿ ಅಕ್ಕಪಕ್ಕ ಕೂತರು. ಅರ್ಧ ಮಾತ್ರ ಎಂದಾಗ ಕ್ಷೌರದವನು ಕತ್ತಿ ಮಸೆಯುವುದನ್ನು ನಿಲ್ಲಿಸಿದ. ‘ಯಾವ ಕಡೆ ಸ್ವಾಮಿ?’

‘ನಂದು ಎಡಗಡೆ ತೆಗಿ’ ಎಂದ ಆಂಜನಪ್ಪ.

‘ಆಗ ನಂದು ಬಲಗಡೆ’ ಎಂದ ಕುಪ್ಪುಸ್ವಾಮಿ. ‘ನಾಳೆ ಗೇಟಲ್ಲಿ ಜೊತೆಗೇ ನಿಲ್ಲೋಣ. ಇಬ್ಬರದೂ ಸೇರಿದ್ರೆ ಒಂದಾದ್ರೂ ಪೂರ್ತಿ ಇರುತ್ತೆ.’

ಒಬ್ಬನಾದಮೇಲೆ ಒಬ್ಬ, ಒಂದೇ ಬಿಳಿ ಬಟ್ಟೆ ಕೊರಳಿಗೆ ಸುತ್ತಿಸಿಕೊಂಡರು. ಮುಗಿದ ಮೇಲೆ ಕನ್ನಡಿಯಲ್ಲಿ ಜೊತೆಯಾಗಿ ನೋಡಿಕೊಂಡರು. ಒಂದು ತುದಿ ಮೇಲಕ್ಕೆ, ಒಂದು ತುದಿ ಕೆಳಕ್ಕೆ. ನಡುವೆ ಎರಡು ಬೋಳು ತುಟಿ. ಕುಪ್ಪುಸ್ವಾಮಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕದ್ದು ಕಂಡು ಆಂಜನಪ್ಪನೂ ನಕ್ಕ, ಕಣ್ಣಲ್ಲಿ ನೀರು ಬರುವವರೆಗೆ.

ಕ್ಷೌರದವನು ಬಟ್ಟೆಯನ್ನು ಎತ್ತಿಕೊಂಡು ಬಾಗಿಲ ಕಡೆ ಹೊರಟಿದ್ದ. ‘ತಡಿ, ತಡಿಯಪ್ಪಾ’ ಎಂದು ಆಂಜನಪ್ಪ ಎದ್ದುಹೋಗಿ ನೋಡಿದ. ಬಿಳಿ ಬಟ್ಟೆಯ ಮೇಲೆ ಅವನದೊಂದು ಅರ್ಧ, ಕುಪ್ಪುಸ್ವಾಮಿಯದೊಂದು ಅರ್ಧ. ಒಂದು ಪೂರ್ತಿ ಮೀಸೆಯಷ್ಟು ಕೂದಲು ಉಳಿದಿತ್ತು. ಕುಪ್ಪುಸ್ವಾಮಿಯೂ ಬಂದು ಅವನ ಭುಜದ ಮೇಲಿಂದ ಬಗ್ಗಿ ನೋಡಿದ.

‘ಏನಯ್ಯಾ, ಬಿಚ್ಚಿ ಮತ್ತೆ ಕಟ್ತೀಯಾ?’ ಎಂದ ಕುಪ್ಪುಸ್ವಾಮಿ.

ಆಂಜನಪ್ಪ ಬೋಳಾದ ಅರ್ಧ ತುಟಿಯನ್ನು ಒಮ್ಮೆ ಸವರಿಕೊಂಡ. ‘ಉಳೀಲಿ ಬಿಡ್ಲಾ’ ಎಂದ. ಕ್ಷೌರದವನು ಬಟ್ಟೆಯನ್ನು ರಸ್ತೆಗೆ ಒದರಿದ. ಆಂಜನಪ್ಪ ಆ ಬಟ್ಟೆ ಖಾಲಿಯಾಯಿತೋ ಇಲ್ಲವೋ ಎಂದು ತಿರುಗಿ ನೋಡದೆ ಕುಪ್ಪುಸ್ವಾಮಿಯ ಜೊತೆ ಟೀ ಕುಡಿಯಲು ಹೋದ.